ಸೈಕಲ್ ಕ್ಲಬ್ ಸೇರುವ ಮುಂಚೆ, ಗುಂಪಿನ ಕೊನೆಯಲ್ಲಿ ಬರುವವರನ್ನು ನೋಡಿ

ಭಾನುವಾರ ಬೆಳಗ್ಗೆ ಆರು ಗಂಟೆಗೆ ಮೈಸೂರಿನ ಲಲಿತಮಹಲ್ ಕಡೆ ವಾಕಿಂಗ್ ಹೋಗುವವರು ನೋಡಿರುತ್ತೀರಿ. ಹಿಂದೆ ಕೆಂಪು ಲೈಟು ಮಿನುಗಿಸಿಕೊಂಡು ಹತ್ತು ಹದಿನೈದು ಸೈಕಲ್‌ಗಳು ಒಂದರ ಹಿಂದೊಂದು ಚಾಮುಂಡಿ ಬೆಟ್ಟದ ಕಡೆ ಹೋಗುತ್ತಿರುತ್ತವೆ. ನಾನೂ ಆ ಸಾಲಿನಲ್ಲಿ ಇರುತ್ತೇನೆ, ಹೆಚ್ಚಾಗಿ ಹಿಂದಿನ ಭಾಗದಲ್ಲಿ. ಹಾಗಾಗಿ ನಮ್ಮ ಬೀದಿಯಲ್ಲಿ, ಆಫೀಸಿನಲ್ಲಿ, ಮಗಳ ಸ್ಕೂಲಿನ ಗೇಟಿನ ಹತ್ತಿರ ಆಗಾಗ ಯಾರಾದರೂ ಕೇಳುತ್ತಾರೆ: ನಾನೂ ಕ್ಲಬ್ ಸೇರಬಹುದಾ, ನನ್ನ ಕೈಲಿ ಆಗುತ್ತಾ, ದುಬಾರಿ ಸೈಕಲ್ ಬೇಕಾ?

ಎಲ್ಲರಿಗೂ "ಸೇರಿ, ತುಂಬಾ ಚೆನ್ನಾಗಿರುತ್ತೆ" ಅಂತ ಹೇಳಿಬಿಡುವುದು ಸುಲಭ. ಆದರೆ 2020ರ ಲಾಕ್‌ಡೌನ್ ಸಮಯದಲ್ಲಿ ಸೈಕಲ್ ತಗೊಂಡು, ಯಾವುದೋ ಗುಂಪಿಗೆ ಸೇರಿ, ಎರಡೇ ಸಲ ಹೋಗಿ, ಮನಸ್ಸು ಮುದುಡಿಕೊಂಡು ಸೈಕಲನ್ನು ಬಾಲ್ಕನಿಯಲ್ಲಿ ನಿಲ್ಲಿಸಿದವರನ್ನು ನಾನು ಬಹಳ ಜನ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಸೈಕಲ್ ಬೇಜಾರಾಗಿರಲಿಲ್ಲ. ತಮಗೆ ಹೊಂದದ ಗುಂಪಿಗೆ ಹೋಗಿದ್ದರು ಅಷ್ಟೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗಳು ಮೈಸೂರಿನವು, ಯಾಕೆಂದರೆ ನನಗೆ ಗೊತ್ತಿರುವ ರಸ್ತೆಗಳು ಇವೇ. ನೀವು ಹುಬ್ಬಳ್ಳಿಯಲ್ಲಿರಿ, ಶಿವಮೊಗ್ಗದಲ್ಲಿರಿ, ರಸ್ತೆ ಹೆಸರು ಬದಲಾಯಿಸಿಕೊಂಡು ಓದಿ.

1. ನಿಮಗೆ ಏನು ಬೇಕು ಅಂತ ಒಂದು ಸಾಲಲ್ಲಿ ಬರೆದುಕೊಳ್ಳಿ

ಸುಮ್ನೆ ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ಬರೆಯಿರಿ. "ವಾರಕ್ಕೊಂದು ದಿನ ನಾಲ್ಕು ಜನರ ಜೊತೆ ಹೋಗಿ ತಿಂಡಿ ತಿಂದು ಬರಬೇಕು" ಅನ್ನುವುದು ಒಂದು ಆಸೆ. "ಒಂದು ದಿನದಲ್ಲಿ 200 ಕಿಲೋಮೀಟರ್ ಹೊಡೆಯಬೇಕು" ಅನ್ನುವುದು ಬೇರೆಯದೇ. "ರೇಸ್‌ನಲ್ಲಿ ಓಡಿಸಬೇಕು" ಅನ್ನುವುದು ಇನ್ನೂ ಬೇರೆ. ಹೊರಗಿನಿಂದ ನೋಡಿದರೆ ಎಲ್ಲ ಕ್ಲಬ್‌ಗಳೂ ಒಂದೇ ಥರ ಕಾಣುತ್ತವೆ, ಅದೇ ಹೆಲ್ಮೆಟ್ಟು, ಅದೇ ಬಣ್ಣಬಣ್ಣದ ಜೆರ್ಸಿ. ಒಳಗೆ ಹೋದ ಮೇಲೆ ಗೊತ್ತಾಗುತ್ತದೆ.

ತಿಂಡಿ ಗುಂಪುಗಳು 25ರಿಂದ 40 ಕಿಲೋಮೀಟರ್ ಓಡಿಸುತ್ತವೆ. ಶ್ರೀರಂಗಪಟ್ಟಣಕ್ಕೆ ಹೋಗುತ್ತಾರೆ, ಕೆಆರ್‌ಎಸ್ ಕಡೆ ಹೋಗುತ್ತಾರೆ, ವಾಪಸ್ ಬರುವಾಗ ಮೈಲಾರಿ ದೋಸೆ. ಮಾತು ಜಾಸ್ತಿ, ಆತುರ ಕಮ್ಮಿ. ಹೊಸಬರಿಗೆ ನಾನು ಮೊದಲು ಹೇಳುವುದು ಇಂಥ ಗುಂಪನ್ನೇ.

ದೂರದ ಸವಾರಿಯವರದು ಬೇರೆ ಲೋಕ. ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಯನ್ನು ಅವರು ಬ್ರೆವೆ ಅನ್ನುತ್ತಾರೆ, ಬಿಆರ್‌ಎಂ ಅಂತಲೂ ಕರೆಯುತ್ತಾರೆ. ಇದರ ನಿಯಮಗಳು ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್‌ದು. 200 ಕಿಲೋಮೀಟರನ್ನು 13 ಗಂಟೆ 30 ನಿಮಿಷದಲ್ಲಿ, 300ನ್ನು 20 ಗಂಟೆಯಲ್ಲಿ, 400ನ್ನು 27 ಗಂಟೆಯಲ್ಲಿ, 600ನ್ನು 40 ಗಂಟೆಯಲ್ಲಿ ಮುಗಿಸಬೇಕು. ಊಟ, ನಿದ್ದೆ, ಪಂಕ್ಚರ್ ಎಲ್ಲ ಆ ಸಮಯದ ಒಳಗೇ ಬರುತ್ತದೆ. ಇಲ್ಲಿ ಯಾರು ಮೊದಲು ಬಂದರು ಅಂತ ಬಹುಮಾನ ಇಲ್ಲ, ಸಮಯದೊಳಗೆ ಬಂದವರೆಲ್ಲ ಸಮಾನ. ಈ ನಾಲ್ಕನ್ನೂ ಒಂದೇ ಸೀಸನ್‌ನಲ್ಲಿ ಮುಗಿಸಿದರೆ ಸೂಪರ್ ರ‍್ಯಾಂಡನರ್ ಅನ್ನುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಪ್ಯಾರಿಸ್ ಹತ್ತಿರದಿಂದ ಹೊರಡುವ 1200 ಕಿಲೋಮೀಟರಿನ ಸವಾರಿಗೆ ನಮ್ಮ ಕಡೆಯಿಂದಲೂ ಹೋಗುತ್ತಾರೆ. ನಿಧಾನವಾಗಿ ಆದರೆ ಬಿಡದೆ ಓಡಿಸುವ ಸ್ವಭಾವ ನಿಮ್ಮದಾದರೆ ಈ ದಾರಿ ನಿಮಗೆ ಹಿಡಿಸಬಹುದು. ಆದರೆ ಮೊದಲ ತಿಂಗಳಲ್ಲೇ ಬೇಡ.

ಇನ್ನು ವೇಗದವರು. ರೇಸಿಗೆ, ಇಲ್ಲವೇ 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್‌ನಂಥ ದೊಡ್ಡ ಸವಾರಿಗೆ ತಯಾರಿ ಮಾಡುವವರು. ಅವರು ತರಬೇತಿಗೆ ಅಂತಲೇ ಬಂದಿರುತ್ತಾರೆ, ಹಿಂದೆ ಉಳಿದವರಿಗೆ ಕಾಯುವುದಿಲ್ಲ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು.

ಆಫೀಸಿಗೆ ಸೈಕಲ್‌ನಲ್ಲಿ ಹೋಗಿಬರಬೇಕು ಅನ್ನುವುದಷ್ಟೇ ನಿಮ್ಮ ಆಸೆಯಾದರೆ ಕ್ಲಬ್ ಬೇಕಾಗಿಯೇ ಇಲ್ಲ. ನಾಳೆಯಿಂದಲೇ ಹೊರಡಿ.

2. ಒಬ್ಬರೇ ಓಡಿಸಿ ನಿಮ್ಮ ಲೆಕ್ಕ ತಿಳಿದುಕೊಳ್ಳಿ

ಗುಂಪಿಗೆ ಹೋಗುವ ಮೊದಲು ಒಬ್ಬರೇ ಒಂದು 30 ಕಿಲೋಮೀಟರ್ ಓಡಿಸಿ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದರೆ ಹೆಚ್ಚುಕಮ್ಮಿ ಅಷ್ಟಾಗುತ್ತದೆ. ಮನೆಯಿಂದ ಹೊರಟ ಸಮಯ, ವಾಪಸ್ ಬಂದ ಸಮಯ ಎರಡನ್ನೂ ಬರೆದಿಟ್ಟುಕೊಳ್ಳಿ. ಸ್ಟ್ರಾವಾದಂಥ ಆ್ಯಪ್‌ಗಳು ನೀವು ನಿಂತ ಸಮಯವನ್ನು ಬಿಟ್ಟು ವೇಗ ತೋರಿಸುತ್ತವೆ, ಹಾಗಾಗಿ ಅದರಲ್ಲಿ ಗಂಟೆಗೆ 19 ಕಿಲೋಮೀಟರ್ ಅಂತ ಇದ್ದರೂ ನಿಜವಾಗಿ ನೀವು 15ರಲ್ಲಿ ಹೋಗಿರಬಹುದು. ಎರಡೂ ಸಂಖ್ಯೆ ಗೊತ್ತಿರಲಿ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, 40 ಕಿಲೋಮೀಟರ್ ಸವಾರಿಯಲ್ಲಿ ಗಂಟೆಗೆ 20ರಲ್ಲಿ ಹೋಗುವವರು ಎರಡು ಗಂಟೆಯಲ್ಲಿ ಮುಗಿಸುತ್ತಾರೆ, 15ರಲ್ಲಿ ಹೋಗುವವರಿಗೆ ಎರಡು ಗಂಟೆ ನಲವತ್ತು ನಿಮಿಷ ಬೇಕು. ಐದೇ ಕಿಲೋಮೀಟರ್ ಅಂತ ಅನ್ನಿಸುತ್ತದೆ, ಆದರೆ ಆ ನಲವತ್ತು ನಿಮಿಷ ಯಾರೋ ಬಿಸಿಲಲ್ಲಿ ನಿಮಗೋಸ್ಕರ ಕಾಯುತ್ತಿರುತ್ತಾರೆ, ಅಥವಾ ಕಾಯದೆ ಹೋಗಿರುತ್ತಾರೆ. ಗುಂಪಿನಲ್ಲಿ ಮುಂದಿನವರು ಗಾಳಿ ತಡೆಯುವುದರಿಂದ ನಿಮ್ಮ ವೇಗ ಸ್ವಲ್ಪ ಹೆಚ್ಚುತ್ತದೆ, ಅದೂ ನಿಜ. ಆದರೆ ಹೊಸಬರು ಅದನ್ನು ನಂಬಿಕೊಂಡು ಹೋಗಬಾರದು, ಯಾಕೆಂದರೆ ಆ ಲಾಭ ಸಿಗಬೇಕಾದರೆ ಮುಂದಿನ ಗಾಲಿಗೆ ಹತ್ತಿರ ಓಡಿಸಬೇಕು, ಅದಕ್ಕೆ ಅಭ್ಯಾಸ ಬೇಕು.

ಬೆಟ್ಟ ಹತ್ತಬೇಕು ಅನ್ನುವ ಗುಂಪಾದರೆ ಅದನ್ನೂ ಒಮ್ಮೆ ಒಬ್ಬರೇ ಹತ್ತಿ ನೋಡಿ. ಚಾಮುಂಡಿ ಬೆಟ್ಟ ಸಮುದ್ರ ಮಟ್ಟದಿಂದ ಸುಮಾರು 1060 ಮೀಟರ್, ಮೈಸೂರು ಸುಮಾರು 760. ಅಂದರೆ ಮುನ್ನೂರು ಮೀಟರ್ ಏರು. ನಡುವೆ ಇಳಿದು ತಳ್ಳಿಕೊಂಡು ಹೋದರೂ ಪರವಾಗಿಲ್ಲ. ಎಲ್ಲಿ ಇಳಿದಿರಿ ಅಂತ ನೆನಪಿರಲಿ, ಮುಂದಿನ ಸಲ ಅದಕ್ಕಿಂತ ಒಂದು ತಿರುವು ಮೇಲೆ ಇಳಿಯುತ್ತೀರಿ. ಇಳಿಯುವಾಗ ಮಾತ್ರ ಹುಷಾರು. ಎರಡೂ ಬ್ರೇಕು ಸಮವಾಗಿ ಹಿಡಿಯಿರಿ, ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ.

3. ಹೊಸ ಸೈಕಲ್ ಈಗಲೇ ಬೇಡ

ಇದು ನನ್ನ ಗಟ್ಟಿ ಅಭಿಪ್ರಾಯ. ಕ್ಲಬ್ ಸೇರುವುದಕ್ಕೆ ಅಂತ ಸಾಲ ಮಾಡಿ ಐವತ್ತು ಸಾವಿರದ ಸೈಕಲ್ ತಗೋಬೇಡಿ. ಮನೆಯಲ್ಲಿರುವ ಗೇರ್ ಸೈಕಲ್ ಸಾಕು. ಗೇರ್ ಇಲ್ಲದಿದ್ದರೂ ಸಮತಟ್ಟು ರಸ್ತೆಯ ತಿಂಡಿ ಸವಾರಿಗೆ ಧಾರಾಳವಾಗಿ ಬರಬಹುದು. ಮೊದಲು ಅದನ್ನು ರಿಪೇರಿ ಅಂಗಡಿಗೆ ಒಯ್ದು ಬ್ರೇಕ್, ಚೈನ್, ಟೈರ್ ನೋಡಿಸಿ. ಸೀಟಿನ ಎತ್ತರ ನೀವೇ ನೋಡಬಹುದು: ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗೆ ಬಂದಾಗ ಅದರ ಮೇಲೆ ಹಿಮ್ಮಡಿ ಇಡಿ. ಆಗ ಕಾಲು ನೆಟ್ಟಗೆ ಚಾಚಿರಬೇಕು. ಓಡಿಸುವಾಗ ಪಾದದ ಮುಂಭಾಗ ಪೆಡಲ್ ಮೇಲಿರುವುದರಿಂದ ಮಂಡಿ ಸ್ವಲ್ಪ ಬಗ್ಗಿರುತ್ತದೆ, ಅದು ಸರಿ. ನಮ್ಮಲ್ಲಿ ಬಹಳ ಜನ ಸೀಟನ್ನು ತೀರಾ ಕೆಳಗೆ ಇಟ್ಟುಕೊಂಡು ಆಮೇಲೆ ಮಂಡಿ ನೋವು ಅನ್ನುತ್ತಾರೆ.

ದುಡ್ಡು ಖರ್ಚು ಮಾಡಲೇಬೇಕು ಅಂದರೆ ಇವಕ್ಕೆ ಮಾಡಿ: ಸರಿಯಾಗಿ ಕೂರುವ ಹೆಲ್ಮೆಟ್, ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು, ಒಂದು ಸ್ಪೇರ್ ಟ್ಯೂಬ್, ಟೈರ್ ಬಿಚ್ಚುವ ಪ್ಲಾಸ್ಟಿಕ್ ಲಿವರ್ ಎರಡು, ಸಣ್ಣ ಪಂಪು, ನೀರಿನ ಬಾಟಲಿ. ಜೆರ್ಸಿ ಆಮೇಲೆ.

ಒಂದು ಮಾತು ವಾಲ್ವ್ ಬಗ್ಗೆ. ನಿಮ್ಮ ಟ್ಯೂಬಿನ ವಾಲ್ವ್ ಸಣ್ಣಗೆ ಉದ್ದಕ್ಕೆ, ತುದಿಯಲ್ಲಿ ಪುಟ್ಟ ತಿರುಪು ಇರುವಂಥದ್ದಾ ನೋಡಿ. ಅದು ಪ್ರೆಸ್ಟಾ ವಾಲ್ವ್. ಸ್ಕೂಟರಿಗೆ ಗಾಳಿ ಹಿಡಿಯುವ ಪಂಕ್ಚರ್ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಅದಕ್ಕೆ ನೇರವಾಗಿ ಗಾಳಿ ಹೊಡೆಯಲು ಆಗುವುದಿಲ್ಲ. ಒಂದು ಪುಟ್ಟ ಹಿತ್ತಾಳೆ ಅಡಾಪ್ಟರ್ ಬರುತ್ತದೆ, ಅಗ್ಗದ್ದು, ಅದನ್ನು ಈಗಲೇ ವಾಲ್ವಿಗೆ ತಿರುಗಿಸಿಟ್ಟುಬಿಡಿ. ಇದು ನನಗೆ ಹೇಗೆ ಗೊತ್ತಾಯಿತು ಅಂತ ಮುಂದೆ ಹೇಳುತ್ತೇನೆ.

ಹೆಂಗಸರಿಗೆ ಒಂದೆರಡು ಮಾತು. ದುಪ್ಪಟ್ಟಾ ಬೇಡ, ಗಾಲಿಗೆ ಸಿಕ್ಕಿಕೊಳ್ಳುತ್ತದೆ. ಅಗಲದ ಪ್ಯಾಂಟಾದರೆ ಬಲಗಾಲಿನ ಬುಡಕ್ಕೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ಚೈನ್ ಆ ಕಡೆಯೇ ಇರುತ್ತದೆ. ಮೆತ್ತೆ ಇರುವ ಸೈಕಲ್ ಚಡ್ಡಿ ಹಾಕಿ ಮೇಲೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡರೆ ಸೀಟು ನೋವು ಬಹಳ ಕಮ್ಮಿಯಾಗುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ.

4. ಸೇರುವ ಮುಂಚೆ ಕೇಳಬೇಕಾದ್ದು

ಹೆಚ್ಚಿನ ಗುಂಪುಗಳು ವಾಟ್ಸ್ಆ್ಯಪ್‌ನಲ್ಲೇ ನಡೆಯುತ್ತವೆ. ಶನಿವಾರ ಸಂಜೆ ಬರುವ ಮೆಸೇಜ್ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಎಲ್ಲಿಂದ, ಎಷ್ಟು ಗಂಟೆಗೆ, ಎಷ್ಟು ದೂರ, ಯಾವ ದಾರಿ, ಎಷ್ಟು ವೇಗ, ಮುಂದೆ ಯಾರು, ಕೊನೆಯಲ್ಲಿ ಯಾರು. ಈ ಏಳೂ ಇದ್ದರೆ ಒಳ್ಳೆಯ ಗುಂಪು. ಕೊನೆಯಲ್ಲಿ ಬರುವವರನ್ನು ಸ್ವೀಪ್ ಅನ್ನುತ್ತಾರೆ, ಎಲ್ಲರಿಗಿಂತ ಹಿಂದಿರುವವರನ್ನು ಬಿಟ್ಟು ಅವರು ಮುಂದೆ ಹೋಗುವುದಿಲ್ಲ. ಸ್ವೀಪ್ ಯಾರು ಅಂತ ಕೇಳಿದಾಗ "ಅಂಥದ್ದೇನೂ ಇಲ್ಲ, ಎಲ್ಲರೂ ನೋಡ್ಕೋತಾರೆ" ಅನ್ನುವ ಉತ್ತರ ಬಂದರೆ, ಯಾರೂ ನೋಡುವುದಿಲ್ಲ ಅಂತಲೇ ಅರ್ಥ ಮಾಡಿಕೊಳ್ಳಿ.

ಹೆಲ್ಮೆಟ್ ಇಲ್ಲದೆ ಬಂದವರನ್ನು ಸೇರಿಸಿಕೊಳ್ಳುತ್ತೀರಾ ಅಂತಲೂ ಕೇಳಿ. ಇಲ್ಲ ಅನ್ನಬೇಕು.

ದುಡ್ಡಿನ ವಿಚಾರ. ಎಷ್ಟೋ ಗುಂಪುಗಳಲ್ಲಿ ಶುಲ್ಕ ಇಲ್ಲ, ತಿಂಡಿ ಬಿಲ್ ಹಂಚಿಕೊಂಡರೆ ಮುಗಿಯಿತು. ಕೆಲವರು ವರ್ಷಕ್ಕಿಷ್ಟು ಅಂತ ತಗೋತಾರೆ, ಜೆರ್ಸಿ ಕೊಡುತ್ತಾರೆ. ತಗೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಎರಡು ಸವಾರಿ ಮಾಡುವ ಮೊದಲು ಕೊಡಬೇಡಿ. ಬಿದ್ದರೆ ಆಸ್ಪತ್ರೆ ಖರ್ಚು ಯಾರದು ಅಂತಲೂ ಕೇಳಿ. ಸಾಮಾನ್ಯವಾಗಿ ನಮ್ಮದೇ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ, 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 2 ಲಕ್ಷದವರೆಗೆ ಸಿಗುತ್ತದೆ. ಆಸ್ಪತ್ರೆ ಬಿಲ್ಲಿಗೆ ಅದು ಬರುವುದಿಲ್ಲ, ಅದಕ್ಕೆ ಆರೋಗ್ಯ ವಿಮೆ ಬೇರೆಯೇ ಬೇಕು.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಹೆಸರು ದಾರಿಯಲ್ಲಿ ಬಂದರೆ ವಿಶೇಷವಾಗಿ ಕೇಳಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್, ಮೋಟಾರ್ ಇಲ್ಲದ ವಾಹನ ಯಾವುದಕ್ಕೂ ಅವಕಾಶವಿಲ್ಲ. ಸೈಕಲ್ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ಗಾಡಿಗಳಿರುತ್ತವೆ, ಆದರೂ ಅದೇ ನಮ್ಮ ಜಾಗ. "ಬೆಳಗ್ಗೆ ಹೊತ್ತು ಯಾರೂ ಇರಲ್ಲ, ಮೇನ್ ರೋಡಲ್ಲೇ ಹೋಗೋಣ" ಅನ್ನುವ ಗುಂಪಾದರೆ ಅಲ್ಲಿಂದಲೇ ವಾಪಸ್ ಬನ್ನಿ, ಸಂಕೋಚ ಬೇಡ.

5. ಮೊದಲ ಸವಾರಿ: ಅತಿಥಿಯಾಗಿ ಹೋಗಿ

ಹಿಂದಿನ ರಾತ್ರಿ ಚೆನ್ನಾಗಿ ಊಟ ಮಾಡಿ, ಬೆಳಗ್ಗೆ ಒಂದು ಬಾಳೆಹಣ್ಣು, ಒಂದು ಲೋಟ ನೀರು. ಹದಿನೈದು ನಿಮಿಷ ಮುಂಚೆ ಹೋಗಿ, ಇದು ನನ್ನ ಮೊದಲ ಸಲ ಅಂತ ಮುಂದಾಳಿಗೆ ಹೇಳಿ. ಜನವರಿಯಲ್ಲಿ ಮೈಸೂರಿನಲ್ಲಿ ಬೆಳಕು ಹರಿಯುವುದು ತಡ, ಸೂರ್ಯ ಕಾಣಿಸುವಾಗ ಆರೂಮುಕ್ಕಾಲು. ಹಾಗಾಗಿ ಲೈಟ್ ಉರಿಯುತ್ತಿರಲಿ.

ಗುಂಪಿನಲ್ಲಿ ಓಡಿಸುವಾಗ ಒಂದೇ ನಿಯಮ ನೆನಪಿದ್ದರೂ ಸಾಕು: ಏನನ್ನೂ ಥಟ್ಟನೆ ಮಾಡಬೇಡಿ. ಥಟ್ಟನೆ ಬ್ರೇಕ್ ಹಾಕುವುದು, ಥಟ್ಟನೆ ಬಲಕ್ಕೆ ಎಳೆಯುವುದು, ಫೋಟೋಗೆ ಅಂತ ನಿಂತುಬಿಡುವುದು, ಯಾವುದೂ ಬೇಡ. ನಿಮ್ಮ ಮುಂದಿನ ಗಾಲಿ ಇನ್ನೊಬ್ಬರ ಹಿಂದಿನ ಗಾಲಿಯ ಪಕ್ಕಕ್ಕೆ ನುಗ್ಗಬಾರದು. ತಾಗಿದರೆ ಬೀಳುವುದು ಸಾಮಾನ್ಯವಾಗಿ ಹಿಂದಿನವರೇ. ಒಂದು ಸೈಕಲ್ ಉದ್ದದಷ್ಟಾದರೂ ಜಾಗ ಬಿಡಿ. ಗುಂಡಿ ಕಂಡರೆ ಕೈ ತೋರಿಸಿ ಕೂಗಿ, ಹಂಪ್ ಬಂದರೆ ಕೂಗಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ.

ಇನ್ನು ನೀವು ನೋಡಬೇಕಾದ್ದು. ಮುಂದಿರುವವರು ಎಷ್ಟು ವೇಗವಾಗಿ ಹೋಗುತ್ತಾರೆ ಅನ್ನುವುದು ನಿಮಗೆ ಬೇಡ. ಎಲ್ಲರಿಗಿಂತ ನಿಧಾನವಾಗಿ ಬರುತ್ತಿರುವವರಿಗೆ ಏನಾಗುತ್ತದೆ ನೋಡಿ.

ನಾನು ಮೊದಲು ಹೋದ ಗುಂಪು, ಅದರ ಹೆಸರು ಬೇಡ, ನಂಜನಗೂಡು ಕಡೆ ಹೊರಟಿತ್ತು. ಕಡಕೊಳ ಹತ್ತಿರ ನನ್ನ ಹಿಂದಿನ ಗಾಲಿ ಪಂಕ್ಚರ್ ಆಯಿತು. ಕೂಗಿದೆ, ಇಬ್ಬರು ತಿರುಗಿ ನೋಡಿ "ಮುಂದೆ ಟೀ ಅಂಗಡಿಯಲ್ಲಿ ಸಿಗ್ತೀವಿ" ಅಂದರು, ಹೋದರು. ನನಗೆ ಆಗ ಟ್ಯೂಬ್ ಬದಲಾಯಿಸಲು ಬರುತ್ತಿರಲಿಲ್ಲ. ಸೈಕಲ್ ತಳ್ಳಿಕೊಂಡು ಹೋಗಿ ಒಂದು ಪಂಕ್ಚರ್ ಅಂಗಡಿ ಹುಡುಕಿದೆ, ಅಂಗಡಿಯವರು ಪ್ರೀತಿಯಿಂದಲೇ ಪ್ಯಾಚ್ ಹಾಕಿದರು, ಆದರೆ ಆ ಸಣ್ಣ ವಾಲ್ವಿಗೆ ಅವರ ಗಾಳಿ ಪೈಪು ಕೂರಲಿಲ್ಲ. ಕೊನೆಗೆ ಗೂಡ್ಸ್ ಆಟೋದಲ್ಲಿ ಸೈಕಲ್ ಹಾಕಿಕೊಂಡು ಮನೆಗೆ ಬಂದೆ. ಟೀ ಅಂಗಡಿಯಿಂದ ಯಾರೂ ಫೋನ್ ಮಾಡಲಿಲ್ಲ. ಆ ದಿನ ನನಗೆ ಬಹಳ ಅಳು ಬಂತು, ಇದು ನನ್ನಂಥವರಿಗೆ ಅಲ್ಲ ಅಂತಲೇ ಅಂದುಕೊಂಡೆ. ಆಮೇಲೆ ಎರಡು ತಿಂಗಳು ಸೈಕಲ್ ಮುಟ್ಟಲಿಲ್ಲ.

ಈಗ ಇರುವ ಗುಂಪಿನ ಜೊತೆ ಮೊದಲ ಸಲ ಹೋದಾಗಲೂ ನಾನೇ ಕೊನೆ. ರಿಟೈರ್ ಆದ ಒಬ್ಬ ಮೇಷ್ಟ್ರು ಅವತ್ತಿನ ಸ್ವೀಪ್. "ನಿಧಾನ ಬನ್ನಿ ಮೇಡಂ, ನಾನು ಹಿಂದೇನೇ ಇರ್ತೀನಿ" ಅಂದರು. ದಾರಿಯುದ್ದಕ್ಕೂ ಜಾಸ್ತಿ ಮಾತಾಡಲಿಲ್ಲ, ಬೇಗ ಬೇಗ ಅಂತಲೂ ಅನ್ನಲಿಲ್ಲ. ಒಂದು ಕಡೆ ಮಾತ್ರ, ಏರಿನಲ್ಲಿ, ಇನ್ನೊಂದು ಗೇರ್ ಇಳಿಸಿಕೊಳ್ಳಿ ಅಂತ ಹೇಳಿದರು. ನಾವು ತಲುಪಿದಾಗ ಹನ್ನೆರಡು ಜನ ದೋಸೆ ಆರ್ಡರ್ ಮಾಡದೆ ಕೂತಿದ್ದರು. ನಾನು ಆ ಗುಂಪಿಗೆ ಸೇರಲು ತೀರ್ಮಾನಿಸಿದ್ದು ಆ ಟೇಬಲ್ ಹತ್ತಿರ.

6. ಎರಡನೇ ಸವಾರಿ ಬೇರೆಯವರ ಮುಂದಾಳತ್ವದಲ್ಲಿ

ಒಂದೇ ಸವಾರಿಯಿಂದ ತೀರ್ಮಾನ ಬೇಡ. ಒಬ್ಬ ಒಳ್ಳೆಯ ಮನುಷ್ಯ ಇದ್ದ ಮಾತ್ರಕ್ಕೆ ಕ್ಲಬ್ ಒಳ್ಳೆಯದಾಗುವುದಿಲ್ಲ, ಒಬ್ಬರು ಒರಟಾಗಿ ಮಾತಾಡಿದರೆ ಕ್ಲಬ್ ಕೆಟ್ಟದ್ದೂ ಆಗುವುದಿಲ್ಲ. ಬೇರೆ ವಾರ, ಬೇರೆ ದಾರಿಗೆ ಇನ್ನೊಮ್ಮೆ ಹೋಗಿ. ಈ ಸಲ ಸಣ್ಣ ಸಣ್ಣ ವಿಷಯ ಗಮನಿಸಿ. ಕೆಂಪು ಸಿಗ್ನಲ್‌ನಲ್ಲಿ ನಿಲ್ಲುತ್ತಾರಾ? ದಾರಿಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಹಳೇ ಸೈಕಲ್‌ನಲ್ಲಿ ಹೋಗುವವರಿಗೆ ದಾರಿ ಬಿಡುತ್ತಾರಾ? ಗೇರ್ ಇಲ್ಲದ ಸೈಕಲ್ ತಂದವರ ಜೊತೆ ಹೇಗೆ ಮಾತಾಡುತ್ತಾರೆ? ಯಾರ ಮೈತೂಕದ ಬಗ್ಗೆಯಾದರೂ ತಮಾಷೆ ಮಾಡುತ್ತಾರಾ? ನನಗೆ ಕೊನೆಯದು ಬಹಳ ಮುಖ್ಯ. ತೂಕ ಇಳಿಸಬೇಕು ಅಂತ ಆಸೆ ಇಟ್ಟುಕೊಂಡು ಬಂದವರನ್ನು ಒಂದೇ ಮಾತಿನಲ್ಲಿ ಮನೆಗೆ ಕಳಿಸಿಬಿಡಬಹುದು.

ಹೆಂಗಸರು ಇನ್ನೂ ಎರಡು ವಿಷಯ ನೋಡಿ. ಗುಂಪಿನಲ್ಲಿ ಬೇರೆ ಹೆಂಗಸರು ಇದ್ದಾರಾ, ಇದ್ದರೆ ಎಷ್ಟು ದಿನದಿಂದ ಬರುತ್ತಿದ್ದಾರೆ ಅಂತ ಅವರನ್ನೇ ಪಕ್ಕಕ್ಕೆ ಕರೆದು ಕೇಳಿ. ಮೂರು ವರ್ಷದಿಂದ ಬರುತ್ತಿದ್ದೇನೆ ಅನ್ನುವವರು ಇಬ್ಬರಿದ್ದರೂ ಧೈರ್ಯ. ಇನ್ನೊಂದು ಟಾಯ್ಲೆಟ್. ದಾರಿಯಲ್ಲಿ ಎಲ್ಲಿ ನಿಲ್ಲುತ್ತೀರಿ ಅಂತ ಮೊದಲೇ ಕೇಳಿ, ನಾಚಿಕೆ ಬೇಡ. ನಮ್ಮ ಗುಂಪಿನಲ್ಲಿ ದಾರಿ ಗೊತ್ತುಮಾಡುವಾಗಲೇ ಯಾವ ಬಂಕ್, ಯಾವ ಹೋಟೆಲ್ ಅಂತ ಲೆಕ್ಕ ಹಾಕುತ್ತೇವೆ. ಕೇಳುವವರು ಇಲ್ಲದಿದ್ದರೆ ಈ ಲೆಕ್ಕ ಯಾರೂ ಹಾಕುವುದಿಲ್ಲ. ಇದಕ್ಕೆ ಹೆದರಿ ನೀರು ಕುಡಿಯದೆ ಓಡಿಸುವ ಹೆಂಗಸರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

7. ಮನೆಯಲ್ಲಿ ಮಾತಾಡಿ

ಕ್ಲಬ್ಬಿನ ನಿಜವಾದ ಶುಲ್ಕ ಭಾನುವಾರದ ಬೆಳಗು. ಐದೂವರೆಗೆ ಹೊರಟು ಒಂಬತ್ತೂವರೆಗೆ ಬಂದರೂ ಸುಸ್ತಾಗಿ ಮಧ್ಯಾಹ್ನದವರೆಗೆ ಅರ್ಧ ಮನುಷ್ಯರಾಗಿರುತ್ತೇವೆ. ಅಷ್ಟು ಹೊತ್ತು ಮನೆಯಲ್ಲಿ ತಿಂಡಿ ಯಾರು ಮಾಡುತ್ತಾರೆ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಇದನ್ನು ಗಂಡಸರೂ ಕೇಳಿಕೊಳ್ಳಬೇಕು, ಅವರೇ ಹೆಚ್ಚು ಕೇಳಿಕೊಳ್ಳಬೇಕು.

"ಕತ್ತಲಲ್ಲಿ ಎದ್ದು ಹೋಗೋದು ಎಲ್ಲಿಗಮ್ಮ?" ಅಂತ ನಮ್ಮ ಅತ್ತೆ ಕೇಳಿದ್ದರು. ಅವರ ಭಯ ನ್ಯಾಯವಾಗಿತ್ತು. ಯಾವ ದಾರಿ, ಯಾರು ಜೊತೆಗಿರುತ್ತಾರೆ, ಎಷ್ಟಕ್ಕೆ ವಾಪಸ್, ಮುಂದಾಳಿನ ನಂಬರ್ ಯಾವುದು ಅಂತ ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಲು ಶುರುಮಾಡಿದೆ. ಈಗಲೂ ಅಂಟಿಸುತ್ತೇನೆ. ತಿಂಗಳಿಗೆ ಎರಡೇ ಭಾನುವಾರ ಅಂತ ಮನೆಯಲ್ಲಿ ಒಪ್ಪಂದ ಆಗಿದೆ, ಅದನ್ನು ಮೀರುವುದಿಲ್ಲ. ನಾಲ್ಕೂ ವಾರ ಬರಲೇಬೇಕು, ಇಲ್ಲದಿದ್ದರೆ ಗುಂಪಿನಿಂದ ತೆಗೆಯುತ್ತೇವೆ ಅನ್ನುವ ಕ್ಲಬ್ಬುಗಳೂ ಇವೆ. ಸಂಸಾರಸ್ಥರಿಗೆ ಅದು ಹೊಂದುವುದು ಕಷ್ಟ.

8. ಯಾರಿಗೆ ಬೇಡ

ನೈಟ್ ಶಿಫ್ಟ್ ಮುಗಿಸಿ ನಿದ್ದೆಗಣ್ಣಿನಲ್ಲಿ ಹೈವೇಗೆ ಬರುವುದು ಬೇಡ. ಹೃದಯದ ತೊಂದರೆ, ಬಿಪಿ, ಮಂಡಿ ನೋವು ಇದ್ದವರು ಮೊದಲು ಡಾಕ್ಟರನ್ನು ಕೇಳಿ, ಗುಂಪಿನಲ್ಲಿ ನಮ್ಮ ಶಕ್ತಿಗಿಂತ ಜಾಸ್ತಿ ತುಳಿಯುವ ಆಸೆ ಬಂದೇ ಬರುತ್ತದೆ. ಒಬ್ಬರೇ ಓಡಿಸುವಾಗ ಸಿಗುವ ಮೌನಕ್ಕೋಸ್ಕರವೇ ಸೈಕಲ್ ಹಿಡಿದವರಿಗೂ ಕ್ಲಬ್ ಬೇಡ. ಕುಕ್ಕರಹಳ್ಳಿ ಕೆರೆ ಕಡೆಯ ರಸ್ತೆಯಲ್ಲಿ ದಿನಾ ಬೆಳಗ್ಗೆ ಒಬ್ಬರೇ ಓಡಿಸುವ ನನ್ನ ಗೆಳತಿಯೊಬ್ಬಳಿದ್ದಾಳೆ, ನಾನು ಕರೆದು ಕರೆದು ಸಾಕಾಯಿತು, ಈಗ ಕರೆಯುವುದನ್ನು ಬಿಟ್ಟಿದ್ದೇನೆ. ಅವಳು ನನಗಿಂತ ಹೆಚ್ಚು ದಿನ ಸೈಕಲ್ ತುಳಿಯುತ್ತಾಳೆ.

ನಡುವಿನ ದಾರಿಯೂ ಇದೆ. ನಿಮ್ಮ ಬೀದಿಯಲ್ಲೇ ಇಬ್ಬರು ಮೂವರು ಸಿಕ್ಕರೆ ಸಾಕು, ಅದಕ್ಕೊಂದು ಹೆಸರು, ಜೆರ್ಸಿ ಏನೂ ಬೇಕಿಲ್ಲ.

9. ಸೇರಿದ ಮೇಲೆ, ಅಥವಾ ಸೇರದಿದ್ದರೆ

ಸೇರುವುದಾದರೆ ಮೂರು ತಿಂಗಳು ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅಷ್ಟರಲ್ಲಿ ಎರಡು ಕೆಲಸ ಕಲಿಯಿರಿ. ಒಂದು, ಟ್ಯೂಬ್ ಬದಲಾಯಿಸುವುದು. ಮನೆಯ ಅಂಗಳದಲ್ಲಿ ಹಿಂದಿನ ಗಾಲಿ ಬಿಚ್ಚಿ, ಟ್ಯೂಬ್ ತೆಗೆದು, ಟೈರಿನ ಒಳಗೆ ಬೆರಳಾಡಿಸಿ ಮುಳ್ಳೋ ತಂತಿಯೋ ಉಳಿದಿದೆಯಾ ನೋಡಿ, ಮತ್ತೆ ಹಾಕಿ. ಮೊದಲ ಸಲ ನನಗೆ ಒಂದು ಗಂಟೆ ಹಿಡಿಯಿತು, ಈಗ ಹದಿನೈದು ನಿಮಿಷ ಸಾಕು. ಎರಡನೆಯದು ಸ್ವೀಪ್ ಕೆಲಸ. ಮೂರನೇ ತಿಂಗಳಲ್ಲಿ ಒಂದು ಭಾನುವಾರ ನೀವೇ ಸ್ವೀಪ್ ಆಗುತ್ತೇನೆ ಅಂತ ಹೇಳಿ. ಅವತ್ತು ಹೊಸಬರು ಯಾರಾದರೂ ಬಂದೇ ಇರುತ್ತಾರೆ.

ಹೊಂದಲಿಲ್ಲ ಅನ್ನಿಸಿದರೆ ಸುಮ್ಮನೆ ಗುಂಪಿನಿಂದ ಮಾಯವಾಗಬೇಡಿ. "ಈ ವೇಗ ನನಗೆ ಹೊಂದುತ್ತಿಲ್ಲ, ನಿಧಾನದ ಗುಂಪು ಯಾವುದಾದರೂ ಇದ್ದರೆ ತಿಳಿಸಿ" ಅಂತ ಮುಂದಾಳಿಗೆ ಒಂದು ಮೆಸೇಜ್ ಹಾಕಿ. ಊರಿನ ಸೈಕಲ್‌ನವರಿಗೆ ಒಬ್ಬರಿಗೊಬ್ಬರು ಪರಿಚಯ ಇರುತ್ತದೆ. ನನಗೆ ಈಗಿನ ಗುಂಪಿನ ನಂಬರ್ ಸಿಕ್ಕಿದ್ದೂ ಹಾಗೆಯೇ, ಅದೂ ಕಡಕೊಳದಲ್ಲಿ ಬಿಟ್ಟು ಹೋದ ಗುಂಪಿನಲ್ಲೇ ಇದ್ದ ಒಬ್ಬರಿಂದ.